ರಾಜೇಶ್ರೀಯ ಕೆಳಗಿನವರು

ಮಂಗಳವಾರ, ೧೨ ಆಗಸ್ಟ್ ೨೦೨೫. ಕಲಬುರಗಿ, ರೂಮು.

ಕಮಲಾಪುರದ ಬಾಳೆತೋಟದ ಮುಷ್ಕರ ಇವತ್ತು ನನ್ನ ಕಂಪ್ಯೂಟರ್ ಪ್ರೋಗ್ರಾಂನಿಂದಲೇ ಮುರಿದುಬಿತ್ತು.

ಕೂಲಿ ಹೆಂಗಸರ ಸಂಘಕ್ಕೆ ಸುದ್ದಿ ಮುಟ್ಟಿಸಲು ಕಾಲೇಜಿನಲ್ಲಿ ಕಲಿತ ಟ್ರೀ, ಅಂದರೆ ಮರದಂತೆ ಕವಲೊಡೆಯುವ ಹೆಸರುಗಳ ಪಟ್ಟಿ, ಹಾಕಿಕೊಟ್ಟಿದ್ದೆ. ಪ್ರತಿಯೊಬ್ಬಳೂ ಅದರಲ್ಲಿ ಒಂದು ಆಬ್ಜೆಕ್ಟ್, ಒಂದು ಕವಲು. ತನ್ನ ಕೆಳಗಿನ ಇಬ್ಬರಿಗೆ ಫೋನ್ ಮಾಡುತ್ತಾಳೆ, ಅವರು ತಮ್ಮ ಕೆಳಗಿನವರಿಗೆ. ಕಂಪ್ಯೂಟರಿನಲ್ಲಿ ಬುಡದಿಂದ ತುದಿಯವರೆಗೆ ಒಬ್ಬರೂ ತಪ್ಪುತ್ತಿರಲಿಲ್ಲ. ನಿನ್ನೆ ರಾಜೇಶ್ರೀಯ ಫೋನನ್ನು ಅವಳ ಗಂಡ ಕಸಿದುಕೊಂಡ. ಇವತ್ತು ಕೆಲಸಕ್ಕೆ ಹೋಗಬಾರದೆಂಬ ಸುದ್ದಿ ಅವಳ ಕೆಳಗಿನ ಯಾರಿಗೂ ಹೋಗಲಿಲ್ಲ. ಅವರು ಎಂದಿನಂತೆ ಬೆಳಿಗ್ಗೆ ಕೆಲಸಕ್ಕೆ ಹೋಗಿ, ಉಳಿದವರಿಂದ ದ್ರೋಹಿಗಳೆನಿಸಿಕೊಂಡರು.

ಸಂಜೆ ಸಂಘದ ಮುಖಂಡರಾದ ದುಂಡಮ್ಮನ ಮನೆಯಲ್ಲಿ ಕೂಗಾಟ.

“ನಾ ಕೊಟ್ಟಿಲ್ರಿ ಅಕ್ಕಾ, ಅಂವ ಕಸ್ಕೊಂಡಾನ,” ಎಂದು ರಾಜೇಶ್ರೀ ಅತ್ತಳು.

“ಗಂಡಗ ಅಂಜಾಕಿ ಮನ್ಯಾಗ ಕುಂದರಬೇಕವ್ವಾ, ಸಂಘ ಯಾಕ ಬೇಕು?” ದುಂಡಮ್ಮ ನನ್ನತ್ತ ತಿರುಗಿದರು. “ತಮ್ಮಾ, ಈಕಿ ಹೆಸರು ತೆಗಿ.”

ಆಗಲೆಂದು ತಲೆಯಾಡಿಸಿ ರೂಮಿಗೆ ಬಂದೆ.

ಈಗ ಹೆಸರು ತೆಗೆದೆ. ಅವಳ ಕೆಳಗಿನವರನ್ನು ದುಂಡಮ್ಮನಿಗೆ ಜೋಡಿಸಿದರೆ ಮುಗಿಯಿತು, ಎರಡೇ ಸಾಲು ಕೋಡ್. ಓಡಿಸಿ ನೋಡಿದೆ: ಪರದೆಯ ಮೇಲೆ ಎಲ್ಲರಿಗೂ ಸುದ್ದಿ ಮುಟ್ಟಿತು. ರಾಜೇಶ್ರೀ ಇಲ್ಲವೆಂದು ಪ್ರೋಗ್ರಾಂ ಎಲ್ಲಿಯೂ ತಪ್ಪು ತೋರಿಸಲಿಲ್ಲ. ಒಮ್ಮೆಯಾದರೂ ತೋರಿಸಲಿ ಎಂದು ಮತ್ತೆ ಮತ್ತೆ ಓಡಿಸುತ್ತಿದ್ದೇನೆ.