ಎಂಬತ್ತೆಂಟು ಎಂದದ್ದು

ಸಂತೆಕಲ್ಲೂರು
ನಾಗರಪಂಚಮಿಯ ಮೂರನೆಯ ದಿನ, ಫಸಲಿ ೧೩೫೫

ಅಕ್ಕ ಗದ್ದೆಮ್ಮನಿಗೆ ನಿನ್ನ ತಮ್ಮ ಪಕೀರಪ್ಪನ ನಮಸ್ಕಾರ.

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ, ಮನಸ್ಸಿಗೆ ತಂದುಕೊಳ್ಳಬೇಡ. ನಾಲ್ಕನೆಯ ತರಗತಿ ಮುಗಿಸಿ ಆರು ವರ್ಷವಾಯಿತು. ಇದನ್ನು ನಿನಗೆ ಓದಿ ಹೇಳುವವರು ಪಕ್ಕದ ಮನೆಯ ದಾವಲ್‌ಸಾಬ್ ಕಾಕಾ ಎಂದು ಗೊತ್ತು. ಕಾಕಾ, ನಿಮಗೆ ಸಲಾಮು. ಅಕ್ಕ ಅತ್ತರೂ ಬೈದರೂ ನಡುವೆ ನಿಲ್ಲಿಸಬೇಡಿ, ಕೊನೆಯವರೆಗೆ ಓದಿಬಿಡಿ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಬರೆದಿಲ್ಲ.

ಪಂಚಮಿಗೆ ನೀನು ನಿನ್ನ ಊರು ಹಟ್ಟಿಯಿಂದ ಬರಲಿಲ್ಲ. ಬರುವುದಿಲ್ಲವೆಂದು ನಮಗೂ ಗೊತ್ತಿತ್ತು. ಆದರೂ ಅವ್ವ ಎಳ್ಳುಂಡಿ ಕಟ್ಟಿದಳು. ನಿನ್ನ ಪಾಲಿನವು ಗಡಿಗೆಯಲ್ಲಿ ಹಾಗೆಯೇ ಇವೆ. ನಮ್ಮ ಹತ್ತಿರ ಬಿಟ್ಟುಹೋಗಿದ್ದ ನಿನ್ನ ಮಗಳು ಗ್ಯಾನಿಯನ್ನು ಮಣ್ಣು ಮಾಡಿದ ದಿನ ನೀನು ಅವಳ ಕೊರಳಿನ ದರ್ಗಾದ ದಾರ ನೋಡಿ ಅವ್ವನಿಗೆ, "ದವಾ ಬಿಟ್ಟು ದಾರ ಕಟ್ಟೀದಿ, ನನ್ನ ಕೂಸನ್ನ ನೀನೇ ತಿಂದಿ, ಇನ್ನ ಈ ಹೊಸ್ತಿಲಾ ತುಳಿಯಾಂಗಿಲ್ಲ" ಅಂದೆ. ಅವ್ವ, "ಹೌದವ್ವಾ, ಡಾಕ್ಟರ್ ಬ್ಯಾಡಂತ ನಾನೇ ಅಂದೆ" ಅಂದಳು. ನಾನು ಗೋಡೆಗೆ ಆತುಕೊಂಡು ನಿಂತಿದ್ದೆ.

ಅವ್ವ ಹೇಳಿದ್ದು ಸುಳ್ಳು. ನಾವು ಡಾಕ್ಟರ ಹತ್ತಿರ ಹೋಗಿದ್ದೆವು.

ಗ್ಯಾನಿಗೆ ಜ್ವರ ಬಂದ ಎರಡನೆಯ ದಿನ ಮಸ್ಕಿಯ ಸಂತೆ. ಸಂತೆಯ ದಿನ ಒಬ್ಬ ಡಾಕ್ಟರು ಬಂದು ಒಂದು ಅಂಗಡಿಯ ಕಟ್ಟೆಯ ಮೇಲೆ ಕೂಡುತ್ತಾರೆ. ನಾನು ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ನಡೆದೆ, ಅವ್ವ ಜೊತೆಗೆ ಬಂದಳು. ನಮ್ಮ ಕೇರಿಯವರು ಕಟ್ಟೆ ಹತ್ತುವ ಹಾಗಿಲ್ಲ, ಎದುರಿನ ಬೇವಿನ ಮರದ ಕೆಳಗೆ ಕೂಡಬೇಕು. ಮೇಲಿನವರದೆಲ್ಲ ಮುಗಿದ ಮೇಲೆ ನಮ್ಮ ಪಾಳಿ. ಅಂದು ಒಬ್ಬ ಸಾವ್ಕಾರರ ಮಗನ ಕೈಯನ್ನು ಡಾಕ್ಟರು ಹಿಡಿದುಕೊಂಡೇ ಮಾತಾಡುತ್ತಿದ್ದರು. ಮಾತು ಬೇರೆ ಕಡೆ ಹೋದರೂ ಕೈ ಬಿಟ್ಟಿರಲಿಲ್ಲ. ನಾನು ಅದನ್ನೇ ನೋಡುತ್ತಾ ಕುಳಿತಿದ್ದೆ.

ನಮ್ಮವರ ಕೈಯನ್ನು ಅವರು ಮುಟ್ಟುವುದಿಲ್ಲ. ನಮ್ಮವರ ನಾಡಿಯನ್ನು ನಾವೇ ಹಿಡಿಯಬೇಕು. ಅವರು ಅಲ್ಲಿಂದಲೇ ಗಡಿಯಾರ ನೋಡಿ "ಶುರು" ಅನ್ನುತ್ತಾರೆ, ಒಂದು ನಿಮಿಷವಾದ ಮೇಲೆ "ಬಸ್", ಅಂದರೆ ಸಾಕು, ಅನ್ನುತ್ತಾರೆ. ಎಣಿಕೆ ಬಾರದವರು ನಾಡಿ ಬಡಿದ ಹಾಗೆಲ್ಲ ಕಡ್ಡಿಯಿಂದ ಕಲ್ಲು ಬಡಿಯುತ್ತಾರೆ, ಕಾಂಪೌಂಡರ್ ಗೋಪಣ್ಣ ಎಣಿಸಿಕೊಳ್ಳುತ್ತಾನೆ. ನಾಡಿ ಬಹಳ ಓಡುತ್ತಿದ್ದರೆ ಡಾಕ್ಟರು ಚೀಟಿ ಬರೆದು ಲಿಂಗಸೂಗೂರಿನ ದೊಡ್ಡ ದವಾಖಾನೆಗೆ ಕಳಿಸುತ್ತಾರೆ. ಇಲ್ಲದಿದ್ದರೆ ನೀರೌಷಧಿ. ಅದನ್ನೂ ನಮ್ಮ ಶೀಶೆಯನ್ನು ಕಲ್ಲಿನ ಮೇಲೆ ಇಡಿಸಿ ಮೇಲಿನಿಂದ ಸುರಿಯುತ್ತಾರೆ.

ನಮಗಿಂತ ಮುಂಚೆ ಒಬ್ಬ ಮುದುಕಿ ಇದ್ದಳು. ಅವಳ ಮೊಮ್ಮಗ ಕಡ್ಡಿ ಬಡಿದ. ಎಂಬತ್ತೆಂಟು ಅಂದ ಗೋಪಣ್ಣ. ನಾನು ಆ ಕಡ್ಡಿ ತೆಗೆದುಕೊಳ್ಳಲು ಕೈ ಚಾಚಿದೆ. ಗೋಪಣ್ಣ ನನ್ನನ್ನು ಗುರುತು ಹಿಡಿದು, "ಏನಲೇ ಮಾಸ್ತರಾ, ನಾಕನೇ ಜಮಾತ್ ಪಾಸಾಗೀಯಂತಲ್ಲ, ನಿನಗ್ಯಾಕ ಕಡ್ಡಿ? ಬಾಯಿಲೆ ಎಣಿಸು, ನಾವೂ ಕೇಳ್ತೀವಿ" ಅಂದ. ಕಟ್ಟೆಯ ಮೇಲಿದ್ದವರು ನಕ್ಕರು. ನಾಲ್ಕು ಜನರ ಮುಂದೆ ನನಗೆ ನಾಚಿಕೆಯೆಂದು ನಿನಗೆ ಗೊತ್ತಿದೆ. ಕಡ್ಡಿ ಬಿಟ್ಟೆ. ಮೆಲ್ಲಗೆ ಬಾಯೊಳಗೇ ಎಣಿಸತೊಡಗಿದೆ.

ಇಪ್ಪತ್ತರವರೆಗೆ ಹೇಗೋ ನಡೆಯಿತು. ಮುಂದೆ ನನ್ನ ನಾಲಿಗೆ ಮೂವತ್ತೊಂದು ಅನ್ನುವಷ್ಟರಲ್ಲಿ ನಾಡಿ ಎರಡು ಸಲ ಬಡಿದಿರುತ್ತಿತ್ತು. ನಲವತ್ತರ ಹತ್ತಿರ ಎಲ್ಲವೂ ಕಲೆಸಿಹೋಯಿತು. ತುಟಿಗಳು ನಿಂತುಹೋದವು. ಬೆರಳನ್ನು ಮಾತ್ರ ಹಾಗೆಯೇ ಇಟ್ಟುಕೊಂಡಿದ್ದೆ. ಡಾಕ್ಟರು "ಬಸ್, ಎಷ್ಟು?" ಅಂದರು. ನಾನು ಎಂಬತ್ತೆಂಟು ಅಂದೆ.

ಮುದುಕಿಯ ಎಣಿಕೆಯನ್ನೇ ಹೇಳಿದೆ, ಅಕ್ಕ.

ಡಾಕ್ಟರು, "ಹಂಗಾದ್ರ ಅಂಜಬ್ಯಾಡ್ರಿ, ಎರಡು ದಿನದಾಗ ಇಳೀತದ" ಅಂದರು. ನೀರೌಷಧಿ ಹಾಕಿಸಿಕೊಂಡು ಬಂದೆವು. ದರ್ಗಾದ ದಾರ ಕಟ್ಟಿದ್ದು ಬಂದ ಮೇಲೆ. ಮರುದಿನ ಬೆಳಿಗ್ಗೆ ಸೂಲಗಿತ್ತಿ ಮೆಹಬೂಬ್‌ಬೀ ದಾರಿಯಲ್ಲಿ ಹೋಗುವವಳು ಒಳಗೆ ಬಂದು ಕೂಸಿನ ಕೈ ಹಿಡಿದಳು. "ಅಯ್ಯ ಅಲ್ಲಾ, ಇದು ಎಣಿಸಾಂಗ ಇಲ್ಲೋ, ಹೊಲಿಗಿ ಮಿಷನ್ ಓಡಿದಂಗ ಓಡಾಕತ್ತೈತಿ. ಈಗಿಂದೀಗ ಬಂಡಿ ಹೂಡ್ರಿ" ಅಂದಳು. ಬಂಡಿ ಕೇಳಿ ತಂದು ಎತ್ತು ಹೂಡುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಲಿಂಗಸೂಗೂರಿನ ದಾರಿಯಲ್ಲಿ ಗ್ಯಾನಿ ಒಂದು ಸಲ ನೀರು ಕೇಳಿದಳು, ಕುಡಿದಳು. ಅಲ್ಲಿಂದ ಬಂಡಿ ತಿರುಗಿಸಿದೆವು.

ಒಂದು ತಿಂಗಳ ಮೇಲೆ ಮೆಹಬೂಬ್‌ಬೀ ಒಬ್ಬಳಿಗೆ ಇದನ್ನು ಹೇಳಿದ್ದೆ. ಅವಳು ಬೈಯಲಿಲ್ಲ. "ಎಣಿಸಾಕ ಆಗವಲ್ದು ಅಂದಿದ್ರೂ ಸಾಕಿತ್ತಲ್ಲೋ, ಅವರಿಗೆ ತಿಳೀತಿತ್ತು" ಅಂದಳು. ಅದು ನಿಜ. ಕಡ್ಡಿ ಬಡಿದಿದ್ದರೂ ಸಾಕಿತ್ತು. ಅವರು ಮುಟ್ಟಿದ್ದರೂ ಸಾಕಿತ್ತು. ಎಲ್ಲವನ್ನೂ ಯೋಚಿಸಿ ನೋಡಿದ್ದೇನೆ. ನನಗೆ ಅಳು ಬರುತ್ತಿಲ್ಲ. ಹೊಲಕ್ಕೆ ಹೋಗುತ್ತೇನೆ, ಬರುತ್ತೇನೆ, ಉಣ್ಣುತ್ತೇನೆ. ಆ ಮುದುಕಿಯನ್ನು ಪ್ರತಿ ಸಂತೆಯಲ್ಲೂ ನೋಡುತ್ತೇನೆ. ಗಟ್ಟಿಯಾಗಿದ್ದಾಳೆ, ಮೆಣಸಿನಕಾಯಿ ಮಾರುತ್ತಾಳೆ.

ನೀನು ನನ್ನ ಮುಖ ನೋಡಬೇಡ, ಮಾತಾಡಿಸಬೇಡ. ಅವ್ವನ ಹತ್ತಿರ ಬಾ. ನೀನು ಬರುವ ದಿನ ತಿಳಿಸಿದರೆ ನಾನು ಜವಳಗೇರಾಕ್ಕೆ ಕೂಲಿಗೆ ಹೋಗಿರುತ್ತೇನೆ.

ಇಂತಿ ನಿನ್ನ ತಮ್ಮ,
ಪಕೀರಪ್ಪ

ಮರೆತ ಮಾತು: ನಿನ್ನೆ ಸಂಜೆ ಈ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಅಕ್ಕನ ಮುಂದೆ ನೀನು ಸುಳ್ಳು ಯಾಕೆ ಹೇಳಿದಿ ಎಂದು ಅವಳನ್ನು ಕೇಳಿದೆ. "ಮರದ ಕೆಳಗ ನಿನ್ನ ತುಟಿ ನಿಂತಿದ್ದು ನಾ ಆಗೇ ನೋಡೀನಿ. ಮಗಳು ಸಿಟ್ಟಾದ್ರ ನನ್ನ ಮ್ಯಾಲ ಆಗ್ಲಿ ಬಿಡು" ಅಂದಳು. ಇವತ್ತು ಬೆಳಿಗ್ಗೆ ಅವ್ವನ ಮೈ ಬಿಸಿಯಾಗಿತ್ತು. ಕೈ ಹಿಡಿದೆ. ಬಾಯಿಂದ ಎಣಿಸಲಿಲ್ಲ. ಒಲೆಯ ಮುಂದಿನ ಕಡ್ಡಿ ತೆಗೆದುಕೊಂಡು, ಬಡಿದ ಹಾಗೆಲ್ಲ ಹೊಸ್ತಿಲ ಕಲ್ಲಿನ ಮೇಲೆ ಬಡಿದೆ.