ರೊಪ್ಪದ ಬಾಗಿಲಲ್ಲಿ ಕರೆಯುವ ಹೆಸರು

ಜವನಗೊಂಡನಹಳ್ಳಿ
ಸೋಮವಾರ

ಪೂಜ್ಯ ಬುದ್ಧಿಯವರ ಪಾದಗಳಿಗೆ ಚಿತ್ತಯ್ಯನ ಶರಣು.

ಹೆಗಲ ಮೇಲೆ ಹೊತ್ತು ತಿರುಗಿದ ತಮ್ಮನಿಗೆ ಹೀಗೆ ಬರೆಯಲು ಮೊದಮೊದಲು ಕೈ ತಡೆಯುತ್ತಿತ್ತು. ಹೋದ ತಿಂಗಳು ಊರಿಗೆ ಬಂದಾಗ ಫ್ಲೆಕ್ಸಿನಲ್ಲಿ ‘ಜಗದ್ಗುರು’ ಎಂದಿದ್ದುದನ್ನು ನೋಡಿ ತಾವು, “ಇದರ ಮ್ಯಾಲೆ ಒಂದು ಹಾಳೆ ಅಂಟಿಸ್ರಿ. ಜಗತ್ತು ಆಮೇಲಾಗ್ಲಿ, ಮೊದ್ಲು ನಮ್ಮೂರ ಮಕ್ಳಿಗೆ ಓದು ಕಲ್ಸಾಣ” ಎಂದಿರಿ. ಅವತ್ತಿನಿಂದ ಬುದ್ಧಿ ಎನ್ನುವ ಮಾತು ನನ್ನ ಬಾಯಿಗೆ ತಾನಾಗಿಯೇ ಬರುತ್ತಿದೆ.

ಶಾಲೆಯ ಹೊಸ ಕೋಣೆಯ ಪೂಜೆಗೆ ಕರಪತ್ರ ಅಚ್ಚು ಹಾಕಿಸಬೇಕು. ಹೆಸರಿನ ಮೊದಲು ಎಷ್ಟು ಶ್ರೀ ಇರಲಿ ಎಂದು ತಿಳಿಸಿರಿ. “ಅವರು ಬ್ಯಾಡ ಅಂದ್ರೂ ಒಂದಾದ್ರೂ ಇರ್ಲಿ” ಎನ್ನುತ್ತಾಳೆ ಅವ್ವ.

ದೀಕ್ಷೆಯಾದ ದಿನದಿಂದ ಅವ್ವ ನಿಮ್ಮ ಹಳೆಯ ಹೆಸರನ್ನು ಎತ್ತಿಲ್ಲ. ಮೊಮ್ಮಕ್ಕಳಿಗೆ ಕತೆ ಹೇಳುವಾಗಲೂ, “ಬುದ್ಧಿಯೋರು ಸಣ್ಣೋರಿದ್ದಾಗ ಹುಣಸೆ ಮರದಿಂದ ಬಿದ್ದಿದ್ರು” ಎಂದೇ ಹೇಳುತ್ತಾಳೆ.

ಇನ್ನೊಂದು ವಿಷಯ. ದೀಪಾವಳಿ ಹೊತ್ತಿಗೆ ನಮ್ಮ ಹಿಂಡಿನಲ್ಲಿ ಒಂದು ಟಗರುಮರಿ ಹುಟ್ಟಿತು. ಅವ್ವ ಅದಕ್ಕೆ ಆ ಹಳೆಯ ಹೆಸರನ್ನೇ ಇಟ್ಟಿದ್ದಾಳೆ. ಸಂಜೆ ಕುರಿಗಳು ಬರುವ ಹೊತ್ತಿಗೆ ರೊಪ್ಪದ ಬಾಗಿಲಲ್ಲಿ ನಿಂತು, “ಲೇ ಬೀರೇಶ, ಬಾರಲೇ, ಎಷ್ಟೊತ್ತು ಕಾಯ್ಲಿ” ಎಂದು ಕೇರಿಗೆಲ್ಲ ಕೇಳುವಂತೆ ಕರೆಯುತ್ತಾಳೆ.

ಮಠಕ್ಕೆ ಇದು ಅಪಚಾರವೆನಿಸಿದರೆ ತಿಳಿಸಿರಿ, ಬೇರೆ ಹೆಸರಿಡಲು ಹೇಳಿ ನೋಡುತ್ತೇನೆ. ಮರಿಯನ್ನಂತೂ ನಾವು ಯಾರಿಗೂ ಮಾರುವುದಿಲ್ಲ.

ನಿಮ್ಮ ಭಕ್ತ,
ಚಿತ್ತಯ್ಯ