ಎರಡು ಸಂಬಳದ ಖಾತೆ

ಕೆಲಸಗಾರರ ವಸತಿ, ಮೂರನೇ ಮಹಡಿ
ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಅಕ್ಕಾ,

ನಿನ್ನ ತಮ್ಮನ ನಮಸ್ಕಾರ. ಕಣ್ಣು ಹೇಗಿದೆ? ಡ್ರಾಪ್ಸ್ ಮೂರು ಹೊತ್ತೂ ಹಾಕಿಕೊಳ್ಳುತ್ತೀಯೋ, ಇಲ್ಲ ಹೊಲಿಗೆ ಮಿಷನ್ ಮುಂದೆ ಕೂತರೆ ಲೋಕವೇ ಮರೆತುಹೋಗುತ್ತದೋ? ಭಾವನ ಕೆಮ್ಮು ಇಳಿಯಿತಾ? ನಾನು ಕೈಕಾಲು ಗಟ್ಟಿಯಾಗಿದ್ದೇನೆ. ಈ ತಿಂಗಳು ದುಡ್ಡೂ ಬರಲಿಲ್ಲ, ಫೋನೂ ಸೇರುತ್ತಿಲ್ಲ ಎಂದು ನಿನಗೆ ಗಾಬರಿಯಾಗಿರುತ್ತದೆ. ಬ್ಯಾಂಕಿನವರು ನನ್ನ ಖಾತೆ ತಡೆಹಿಡಿದಿದ್ದಾರೆ. ಫೋನಿನ ಬಿಲ್ಲೂ ಅದರಿಂದಲೇ ಹೋಗುತ್ತಿತ್ತು, ಅದೂ ನಿಂತಿತು. ನಾಳೆ ಊರಿಗೆ ಹೊರಟಿರುವ ಪ್ಲಂಬರ್ ಕೈಲಿ ಈ ಕಾಗದ ಕೊಡುತ್ತಿದ್ದೇನೆ.

ಅಕ್ಕಾ, ಮೇಸ್ತ್ರಿ ಹೋಗಿಬಿಟ್ಟರು. ಎರಡನೇ ತಾರೀಕು ಆರನೇ ಮಹಡಿಯ ಹೊರಗೋಡೆಗೆ ಟೈಲ್ಸ್ ಅಂಟಿಸುವಾಗ ಸಾರುವೆಯ ಹಲಗೆ ಜಾರಿತು. ನಾನು ಕೆಳಗೆ ಗಾರೆ ಕಲಸುತ್ತಿದ್ದೆ. ಓಡಿ ಹೋಗುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ನನಗೆ ಕರಣೆ ಹಿಡಿಯಲು ಕಲಿಸಿದ ಕೈ ಅದು.

ನಿನಗೆ ನಾನು ಅರ್ಧ ಮಾತ್ರ ಹೇಳಿದ್ದೆ. ಕಮಿಷನ್ ಉಳಿಯಲಿ ಎಂದು ಇಬ್ಬರ ದುಡ್ಡನ್ನೂ ಒಟ್ಟಿಗೆ ಕಳಿಸುತ್ತೇವೆ, ಅವರ ಪಾಲನ್ನು ಅವರ ಹೆಂಡತಿಗೆ ಕೊಡು ಎಂದಿದ್ದೆ. ಅವರ ಸಂಬಳವೂ ನನ್ನ ಖಾತೆಗೇ ಬೀಳುತ್ತಿತ್ತು ಎಂಬುದನ್ನು ಮುಚ್ಚಿಟ್ಟಿದ್ದೆ. ಅವರ ಹಳೆಯ ಕಂಪನಿ ಮುಚ್ಚಿದಾಗ ಕೆಲಸದ ಪರವಾನಗಿ ಹೋಯಿತು. ಪರವಾನಗಿ ಹೋದ ಪರದೇಶಿಗೆ ಇಲ್ಲಿ ಬ್ಯಾಂಕ್ ಖಾತೆಯೂ ಇಲ್ಲ. ನಮ್ಮ ಗುತ್ತಿಗೆದಾರ ಇಬ್ಬರ ಸಂಬಳವನ್ನೂ ನನ್ನ ಹೆಸರಿಗೆ ಹಾಕತೊಡಗಿದ. ಎರಡು ವರ್ಷ ನಡೆಯಿತು. ಆ ಬ್ಯಾಂಕಿನ ನೆಲವನ್ನು ಹಾಸಿದ್ದೂ ನಾವೇ. "ನಾವು ಹಾಕಿದ ಟೈಲ್ಸ್ ಮೇಲೆ ನಿಂತು ನಮ್ಮನ್ನೇ ಯಾರು ಅಂತ ಕೇಳ್ತಾರಲ್ಲೋ" ಅಂತ ಮೇಸ್ತ್ರಿ ನಗುತ್ತಿದ್ದರು.

ಮೇಸ್ತ್ರಿ ಸತ್ತ ದಿನವೇ ಗುತ್ತಿಗೆದಾರ, ಅಂಥ ಮನುಷ್ಯ ತನ್ನಲ್ಲಿ ಕೆಲಸಕ್ಕೇ ಇರಲಿಲ್ಲ, ಯಾರೋ ಒಳಗೆ ನುಗ್ಗಿ ಬಿದ್ದಿದ್ದಾನೆ ಎಂದು ಪೊಲೀಸರಲ್ಲಿ ಬರೆಸಿಬಿಟ್ಟ. ಅವರ ಹಾಸಿಗೆ ಸುತ್ತಿಸಿ ಎಲ್ಲಿಗೋ ಸಾಗಿಸಿದ. ಅದೇ ವಾರ ಬ್ಯಾಂಕಿನಿಂದ ನನಗೆ ಕರೆ ಬಂತು. ಪರವಾನಗಿಯಲ್ಲಿರುವುದಕ್ಕಿಂತ ದುಪ್ಪಟ್ಟು ಸಂಬಳ ಹೇಗೆ ಬರುತ್ತಿದೆ ಎಂದು ಅನುಮಾನ. ಹೋಗುವ ಮುಂಚೆ ಗುತ್ತಿಗೆದಾರ ಹೆಗಲ ಮೇಲೆ ಕೈ ಹಾಕಿದ. "ಎಲ್ಲಾ ನಿಂದೇ ಅನ್ನು, ಓವರ್‌ಟೈಮ್ ಅನ್ನು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ" ಅಂದ. ಗಾಜಿನ ಆಚೆ ಕೂತ ಹುಡುಗಿ ಮರ್ಯಾದೆಯಿಂದಲೇ ಕೇಳಿದಳು, "ಇದೆಲ್ಲಾ ನಿಮ್ಮ ದುಡ್ಡೇನಾ?" ನನ್ನ ಕಣ್ಣ ಮುಂದೆ ನಿನ್ನ ಆಪರೇಷನ್ ಬಂತು, ನಿನ್ನ ಮಗಳ ಫೀಸು ಬಂತು. ಹೌದು ಎಂದು ಸಹಿ ಹಾಕಿಬಿಟ್ಟೆ ಅಕ್ಕಾ.

ಮೂರು ದಿನದ ಮೇಲೆ ಕಾರ್ಮಿಕ ಕಚೇರಿಯವರೊಬ್ಬರು ಬಂದು, ಸತ್ತವರು ಇಲ್ಲಿ ದುಡಿಯುತ್ತಿದ್ದರು ಎನ್ನಲು ಏನಾದರೂ ಕಾಗದ ಇದೆಯಾ ಎಂದು ಎಲ್ಲರನ್ನೂ ಕೇಳಿದರು. ಯಾರ ಬಳಿಯೂ ಒಂದು ಚೀಟಿಯೂ ಇರಲಿಲ್ಲ. ಆಗ ನನಗೆ ಹೊಳೆಯಿತು, ಇಡೀ ದೇಶದಲ್ಲಿ ಅವರು ದುಡಿದದ್ದಕ್ಕಿರುವ ಒಂದೇ ಗುರುತು ನನ್ನ ಖಾತೆಯ ಆ ಎರಡನೇ ಸಂಬಳ. ಅದನ್ನು ನನ್ನದು ಎಂದರೆ ಅವರ ಹೆಂಡತಿಗೆ ಪರಿಹಾರವೂ ಇಲ್ಲ, ಹೆಣಕ್ಕೆ ಹೆಸರೂ ಇಲ್ಲ. ಮಾರನೆಯ ದಿನವೇ ಬ್ಯಾಂಕಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಈ ಸಲ ಕೂತಿದ್ದವರು ಹಿರಿಯ ಅಧಿಕಾರಿ. "ಆವತ್ತಿಂದು ಸುಳ್ಳೋ, ಇವತ್ತಿಂದು ಸುಳ್ಳೋ?" ಅಂದರು.

ಈಗ ಖಾತೆ ತನಿಖೆಯಲ್ಲಿದೆ, ನಿನ್ನ ಆಪರೇಷನ್ನಿಗೆ ಕೂಡಿಟ್ಟದ್ದೂ ಅದರೊಳಗೇ ಇದೆ. ಗುತ್ತಿಗೆದಾರ ಕೆಲಸದಿಂದ ತೆಗೆದಿದ್ದಾನೆ. ಬೇರೆಯವರ ದುಡ್ಡು ಖಾತೆಗೆ ಹಾಕಿಸಿಕೊಂಡ ತಪ್ಪಿಗೆ ನನ್ನನ್ನು ವಾಪಸು ಕಳಿಸುತ್ತಾರಂತೆ, ಮತ್ತೆ ಬರುವ ಹಾಗಿಲ್ಲವಂತೆ. ನನ್ನ ಮಾತನ್ನು ಇನ್ನು ಯಾರೂ ನಂಬುವುದಿಲ್ಲ. ಮೇಸ್ತ್ರಿಯ ಹೆಂಡತಿ ದುಡ್ಡು ತೆಗೆದುಕೊಂಡಾಗಲೆಲ್ಲ ನೀನು ಸಹಿ ಹಾಕಿಸಿಕೊಂಡ ಪುಸ್ತಕವಿದೆಯಲ್ಲ, ಅದರ ಎಲ್ಲ ಪುಟಗಳ ಫೋಟೋ ತೆಗೆಸು. ಕಾರ್ಮಿಕ ಕಚೇರಿಯ ಇಮೇಲ್ ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ, ಅಲ್ಲಿಗೆ ಕಳಿಸು. ಅವರು ನಂಬಿದರೆ ಅದನ್ನೇ ನಂಬಬೇಕು.

ನಿನ್ನ ಕಣ್ಣಿಗೆ ನಾನೇ ಮಣ್ಣು ಹಾಕಿದೆ ಎಂದು ಭಾವ ಬೈದರೆ ಬೈಯಲಿ, ತಡೆಯಬೇಡ. ಅವರಿಗೆ ನನ್ನ ನಮಸ್ಕಾರ. ನಿನ್ನ ಮಗಳಿಗೆ ಓದು ಬಿಡಬೇಡ ಎಂದು ಹೇಳು.

ನಿನ್ನ
ತಮ್ಮ

ಮರೆತೆ ಎನ್ನಲಾರೆ, ಬರೆಯಲು ಧೈರ್ಯ ಬರಲಿಲ್ಲ: ಮೇಸ್ತ್ರಿಯ ಹೆಂಡತಿಗೆ ಇನ್ನೂ ಗೊತ್ತಿಲ್ಲ. ದುಡ್ಡಿನ ವಿಷಯಕ್ಕೆ ಈಗಾಗಲೇ ನಿನ್ನ ಮನೆಗೆ ಬಂದು ಹೋಗಿರಬಹುದು. ನಾಲ್ಕನೇ ತಾರೀಕು, ಫೋನ್ ಇನ್ನೂ ನಡೆಯುತ್ತಿದ್ದಾಗ, ಅವರು ನನಗೆ ಮಾಡಿದ್ದರು. ಇವರು ಫೋನೇ ಎತ್ತುತ್ತಿಲ್ಲ ಎಂದರು. ಮೇಲೆ ಕೆಲಸದಲ್ಲಿದ್ದಾರೆ ಎಂದುಬಿಟ್ಟೆ. ಇಳಿದ ಮೇಲೆ ಮಾಡೋಕೆ ಹೇಳಿ ಅಂದರು, ಆಯ್ತು ಅಂದೆ. ಕಾಗದ ಮಡಚಿಟ್ಟು ಈಗಲೇ ಅವರ ಮನೆಗೆ ಹೋಗು ಅಕ್ಕಾ. ಒಬ್ಬಳೇ ಹೋಗಬೇಡ, ಭಾವನನ್ನೂ ಕರೆದುಕೊಂಡು ಹೋಗು.